ಶಿಫಾರಸು ಪತ್ರದ ಚರಿತ್ರೆ: ಇಂಗ್ಲೆಂಡಿನ ಕುಟುಂಬವೈದ್ಯನೂ ಖಾಸಗಿ ವಿಮೆಯೂ

೧

ವೈದ್ಯಶಾಸ್ತ್ರದ ಚರಿತ್ರೆಯೆಂದರೆ ರೋಗಗಳ, ಔಷಧಗಳ, ಶಸ್ತ್ರಕ್ರಿಯೆಗಳ ಚರಿತ್ರೆಯೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ರೋಗಿಯು ತನ್ನ ಮನೆಯನ್ನು ಬಿಟ್ಟು ಆಸ್ಪತ್ರೆಯ ತಜ್ಞವೈದ್ಯನನ್ನು ಸೇರುವುದರೊಳಗೆ ನಡುವೆ ಒಂದು ದಾರಿಯುಂಟು. ಆ ದಾರಿಗೆ ಒಂದು ಬಾಗಿಲುಂಟು. ಕೆಲವು ದೇಶಗಳಲ್ಲಿ ಆ ಬಾಗಿಲಿಗೆ ಒಂದು ತುಂಡು ಕಾಗದವೇ ಬೀಗದ ಕೈಯಾಗಿದೆ. ಕುಟುಂಬವೈದ್ಯನು ತಜ್ಞನಿಗೆ ಬರೆದುಕೊಡುವ ಶಿಫಾರಸು ಪತ್ರವೇ ಆ ಕಾಗದ. ಅದನ್ನು ಯಾರು ಬರೆಯಬೇಕು, ಯಾರಿಗಾಗಿ ಬರೆಯಬೇಕು, ಬರೆದವನಿಗೆ ಅದರಿಂದ ಆಗುವ ಲಾಭನಷ್ಟಗಳೇನು ಎಂಬ ಪ್ರಶ್ನೆಗಳಿಗೆ ಸುಮಾರು ಮುನ್ನೂರು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು, ಮುಖ್ಯವಾಗಿ ಇಂಗ್ಲೆಂಡ್ ದೇಶಕ್ಕೆ ಸಂಬಂಧಿಸಿದಂತೆ, ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ನಮ್ಮ ನಾಡಿನ ವಾಚಕರಿಗೆ ಈ ಬಾಗಿಲು ಅಷ್ಟಾಗಿ ಪರಿಚಿತವಾದುದಲ್ಲ. ಕೈಯಲ್ಲಿ ಹಣವುಳ್ಳವನು ಎದೆನೋವು ಬಂದರೆ ಹೃದ್ರೋಗದ ವೈದ್ಯರಲ್ಲಿಗೂ, ಮಂಡಿನೋವು ಬಂದರೆ ಮೂಳೆಯ ವೈದ್ಯರಲ್ಲಿಗೂ ನೆಟ್ಟಗೆ ಹೋಗುವುದು ಇಲ್ಲಿಯ ರೂಢಿ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಪ್ರಜೆಗಳು ಕುಟುಂಬವೈದ್ಯರ ಚಿಕಿತ್ಸಾಲಯವೊಂದರ ಪಟ್ಟಿಯಲ್ಲಿ ತಮ್ಮ ಹೆಸರನ್ನು ಬರೆಯಿಸಿಕೊಂಡಿರುತ್ತಾರೆ. ಅಪಘಾತ ಮೊದಲಾದ ತುರ್ತು ಸಂದರ್ಭಗಳನ್ನು ಬಿಟ್ಟರೆ, ತಜ್ಞನನ್ನು ಕಾಣಬೇಕಾದವನು ಮೊದಲು ಈ ವೈದ್ಯನನ್ನು ಕಂಡು, ಅವನಿಂದ ಪತ್ರವನ್ನು ಪಡೆಯುವುದು ಸಾಮಾನ್ಯವಾದ ಕ್ರಮ.

ಹೀಗಿರುವಲ್ಲಿ ಒಬ್ಬ ರೋಗಿಯು ಬಂದು, ತನಗೆ ಖಾಸಗಿ ಆರೋಗ್ಯವಿಮೆ ಇರುವುದೆಂದೂ, ಸರ್ಕಾರದ ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯಲಾರೆನೆಂದೂ, ಇಂಥ ತಜ್ಞರಿಗೆ ಒಂದು ಪತ್ರವನ್ನು ಬರೆದುಕೊಡಬೇಕೆಂದೂ ಕೇಳುತ್ತಾನೆ. ಬೆನ್ನುನೋವು ಬಂದು ನಾಲ್ಕು ದಿನವಾಗಿದೆ. ಎರಡು ವಾರ ತಾಳಿದರೆ ತಾನಾಗಿ ಹೋಗುವಂತಹುದೆಂದು ವೈದ್ಯನ ಅಭಿಪ್ರಾಯ. ಪತ್ರವನ್ನು ಕೊಟ್ಟರೆ ತನ್ನ ವಿವೇಚನೆಗೆ ಅಪಚಾರವಾಗುತ್ತದೆ. ಕೊಡದೆ ಹೋದರೆ ತಾನು ವಿಮೆಗೆ ತೆತ್ತ ಹಣಕ್ಕೆ ಈತನು ಅಡ್ಡ ಬಂದನೆಂದು ರೋಗಿಯು ನೊಂದುಕೊಳ್ಳುತ್ತಾನೆ. ಈ ಸಂಕಟವು ನಮ್ಮ ಕಾಲದಲ್ಲಿ ಹೊಸದಾಗಿ ಹುಟ್ಟಿದುದೆಂದು ಅನೇಕರು ತಿಳಿದಿದ್ದಾರೆ. ಚರಿತ್ರೆಯನ್ನು ನೋಡಿದರೆ ಅದು ಬಹಳ ಹಳೆಯದೆಂದು ತಿಳಿದುಬರುತ್ತದೆ.

೨

ಶಿಫಾರಸು ಪತ್ರವು ಮೊದಲು ವೈದ್ಯನದಾಗಿರಲಿಲ್ಲ, ದಾನಿಯದಾಗಿದ್ದಿತು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ನಗರಗಳಲ್ಲಿ ಧರ್ಮಾರ್ಥವಾದ ಆಸ್ಪತ್ರೆಗಳು ಒಂದೊಂದಾಗಿ ತಲೆಯೆತ್ತಿದುವು. ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆ ೧೭೩೩ರಲ್ಲಿಯೂ, ಲಂಡನ್ ಆಸ್ಪತ್ರೆ ೧೭೪೦ರಲ್ಲಿಯೂ, ಮಿಡ್ಲ್‌ಸೆಕ್ಸ್ ಆಸ್ಪತ್ರೆ ೧೭೪೫ರಲ್ಲಿಯೂ ಸ್ಥಾಪಿತವಾದುವು. ಇವುಗಳಿಗೆ ಸರ್ಕಾರದ ಹಣವಿರಲಿಲ್ಲ. ಶ್ರೀಮಂತರೂ ವರ್ತಕರೂ ವರ್ಷವರ್ಷವೂ ಕೊಡುವ ವಂತಿಗೆಯೇ ಆಧಾರ. ವಂತಿಗೆಯನ್ನು ಕೊಟ್ಟವನಿಗೆ ಅದರ ಪ್ರಮಾಣಕ್ಕೆ ತಕ್ಕಂತೆ ರೋಗಿಗಳನ್ನು ಶಿಫಾರಸು ಮಾಡುವ ಹಕ್ಕು ದೊರೆಯುತ್ತಿದ್ದಿತು. ಬಡವನು ಕಾಯಿಲೆ ಬಿದ್ದರೆ ಮೊದಲು ಹುಡುಕಬೇಕಾದುದು ವೈದ್ಯನನ್ನಲ್ಲ, ಇಂತಹ ದಾನಿಯೊಬ್ಬನನ್ನು. ದಾನಿಯ ಆಳೋ ಒಕ್ಕಲೋ ಆಗಿದ್ದವನಿಗೆ ಪತ್ರವು ಸುಲಭವಾಗಿ ದೊರೆಯುತ್ತಿದ್ದಿತು. ಪರಊರಿನಿಂದ ಬಂದ ಅನಾಥನಿಗೆ ದುರ್ಲಭವಾಗಿದ್ದಿತು. ರೋಗದ ತೀವ್ರತೆಯನ್ನು ಅಳೆಯಲು ಶಕ್ತಿಯಿಲ್ಲದವನ ಕೈಯಲ್ಲಿ ಬಾಗಿಲಿನ ಬೀಗದ ಕೈ ಇದ್ದಿತೆಂಬುದು ಇದರ ತಾತ್ಪರ್ಯ.

ಈ ಪದ್ಧತಿಯ ಕ್ರೌರ್ಯವು ವಿಲಿಯಂ ಮಾರ್ಸ್‌ಡೆನ್ ಎಂಬ ಯುವಕ ಶಸ್ತ್ರವೈದ್ಯನ ಕಣ್ಣಿಗೆ ಬಿದ್ದಿತು. ಲಂಡನ್ನಿನ ಹೋಬರ್ನ್ ಎಂಬಲ್ಲಿಯ ಚರ್ಚಿನ ಮೆಟ್ಟಿಲುಗಳ ಬಳಿ ಮರಣೋನ್ಮುಖಳಾಗಿ ಬಿದ್ದಿದ್ದ ಒಬ್ಬ ಹುಡುಗಿಯನ್ನು ಅವನು ಕಂಡನು. ಪತ್ರವಿಲ್ಲದ ಕಾರಣ ಅವಳನ್ನು ಯಾವ ಆಸ್ಪತ್ರೆಗೂ ಸೇರಿಸುವುದು ಸಾಧ್ಯವಾಗಲಿಲ್ಲ. ಈ ಅನುಭವದ ಫಲವಾಗಿ, ಯಾರ ಪತ್ರವೂ ಬೇಕಿಲ್ಲದೆ, ರೋಗವೇ ಸಾಕಾದ ಶಿಫಾರಸೆಂದು ಎಣಿಸುವ ಒಂದು ಸಂಸ್ಥೆಯನ್ನು ಅವನು ೧೮೨೮ರಲ್ಲಿ ತೆರೆದನು. ಅದೇ ಮುಂದೆ ರಾಯಲ್ ಫ್ರೀ ಆಸ್ಪತ್ರೆಯೆಂದು ಪ್ರಖ್ಯಾತವಾಯಿತು. ಹಣ ಕೊಟ್ಟವನ ಮಾತಿನಿಂದ ತೆರೆಯುವ ಬಾಗಿಲು ಎಂಥದೆಂಬುದನ್ನು ಇಂಗ್ಲೆಂಡಿನ ಜನರು ಹೀಗೆ ಬಹುಕಾಲದ ಹಿಂದೆಯೇ ಕಂಡುಕೊಂಡಿದ್ದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ವಿಮೆಯ ವಿಚಾರ ಬಂದಾಗ ಇದರ ಪ್ರಯೋಜನ ಕಂಡುಬರುವುದು.

೩

ಇನ್ನು ಕುಟುಂಬವೈದ್ಯನು ಯಾರೆಂಬುದನ್ನು ನೋಡೋಣ. ಹಳೆಯ ಇಂಗ್ಲೆಂಡಿನಲ್ಲಿ ವೈದ್ಯರು ಮೂರು ವರ್ಗಗಳಾಗಿದ್ದರು. ವಿಶ್ವವಿದ್ಯಾನಿಲಯದಲ್ಲಿ ಓದಿ ರೋಗನಿದಾನವನ್ನು ಹೇಳುವ ಭಿಷಗ್ವರರು ಮೊದಲನೆಯವರು. ಕೈಕೆಲಸವನ್ನು ಮಾಡುವ ಶಸ್ತ್ರವೈದ್ಯರು ಎರಡನೆಯವರು. ಮದ್ದನ್ನು ಅರೆದು ಕೊಡುವ ಅಪೊಥೆಕರಿಗಳು ಮೂರನೆಯವರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಈ ಮೂರನೆಯವರು ಮದ್ದಿನ ಅಂಗಡಿಯವರು. ಆದರೆ ಬಡಬಗ್ಗರು ಕಾಯಿಲೆಯಾದಾಗ ಓಡುತ್ತಿದ್ದುದು ಇವರಲ್ಲಿಗೇ.

ವಿಲಿಯಂ ರೋಸ್ ಎಂಬ ಅಪೊಥೆಕರಿಯು ಜಾನ್ ಸೀಲ್ ಎಂಬ ಕಟುಕನಿಗೆ ಚಿಕಿತ್ಸೆ ಮಾಡಿದನು. ರೋಗಿಯು ಅಸಮಾಧಾನಗೊಂಡು ಭಿಷಗ್ವರರ ಸಂಘಕ್ಕೆ ದೂರು ಕೊಟ್ಟನು. ಸಂಘವು ರೋಸನ ಮೇಲೆ ವ್ಯಾಜ್ಯ ಹೂಡಿ ಕೆಳಗಿನ ನ್ಯಾಯಸ್ಥಾನದಲ್ಲಿ ಗೆದ್ದಿತು. ೧೭೦೪ರಲ್ಲಿ ಪ್ರಭುಗಳ ಸಭೆಯು ಆ ತೀರ್ಪನ್ನು ತಳ್ಳಿಹಾಕಿತು. ಅಂದಿನಿಂದ ಅಪೊಥೆಕರಿಯು ರೋಗಿಗೆ ಸಲಹೆ ಹೇಳುವುದು ಧರ್ಮಸಮ್ಮತವಾಯಿತು. ಆದರೆ ಅವನು ಹಣ ಪಡೆಯಬಹುದಾದುದು ಮದ್ದಿಗೆ ಮಾತ್ರ, ಸಲಹೆಗಲ್ಲ. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಸೀಸೆಗೆ ಹಣ, ಬುದ್ಧಿಮಾತಿಗೆ ಹಣವಿಲ್ಲವೆಂದಮೇಲೆ ಸೀಸೆಗಳ ಸಂಖ್ಯೆ ಬೆಳೆಯದೆ ಏನಾದೀತು? ವೈದ್ಯನ ಸಂಭಾವನೆಯು ಯಾವ ವಸ್ತುವಿಗೆ ಅಂಟಿಕೊಳ್ಳುವುದೋ ಆ ವಸ್ತುವು ಅಗತ್ಯವನ್ನು ಮೀರಿ ಬೆಳೆಯುತ್ತದೆಂಬುದಕ್ಕೆ ಇದು ಮೊದಲನೆಯ ನಿದರ್ಶನ.

೧೮೧೫ರ ಅಪೊಥೆಕರಿಗಳ ಕಾಯಿದೆಯಿಂದ ಇವರಿಗೆ ಕ್ರಮವಾದ ಶಿಕ್ಷಣವೂ ಪರೀಕ್ಷೆಯೂ ಏರ್ಪಟ್ಟುವು. ೧೮೫೮ರ ವೈದ್ಯಕೀಯ ಕಾಯಿದೆಯಿಂದ ಎಲ್ಲ ವರ್ಗದ ವೈದ್ಯರ ಹೆಸರುಗಳೂ ಒಂದೇ ಪಟ್ಟಿಯಲ್ಲಿ ದಾಖಲಾದುವು. ಶಸ್ತ್ರವಿದ್ಯೆಯನ್ನೂ ಮದ್ದಿನ ಜ್ಞಾನವನ್ನೂ ಒಟ್ಟಿಗೆ ಪಡೆದು, ಬೀದಿಯ ಮನೆಮನೆಗೂ ಹೋಗಿ ಬರುತ್ತಿದ್ದ ಸಾಮಾನ್ಯ ವೈದ್ಯನು ಈ ಕಾಲದಲ್ಲಿ ರೂಪುಗೊಂಡನು.

ಆದರೆ ಅವನಿಗೆ ಒಂದು ಭಯವಿದ್ದಿತು. ದೊಡ್ಡ ಆಸ್ಪತ್ರೆಗಳು ಭಿಷಗ್ವರರ ಮತ್ತು ಶಸ್ತ್ರವೈದ್ಯರ ವಶದಲ್ಲಿದ್ದುವು. ಅವುಗಳ ಹೊರರೋಗಿಗಳ ವಿಭಾಗದಲ್ಲಿ ಚಿಕಿತ್ಸೆಯು ಧರ್ಮಾರ್ಥವಾಗಿ ನಡೆಯುತ್ತಿದ್ದಿತು. ದಾನಿಯ ಪತ್ರದ ಕಟ್ಟು ಸಡಿಲವಾದಂತೆಲ್ಲ ಅಲ್ಲಿಗೆ ಜನರು ನುಗ್ಗಿದರು. ಹಣ ಕೊಡಲು ಶಕ್ತಿಯುಳ್ಳವರೂ ಆಸ್ಪತ್ರೆಗೆ ಹೋಗಿ ತಮ್ಮ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾರೆಂದು ಸಾಮಾನ್ಯ ವೈದ್ಯರು ದೂರಿಕೊಂಡರು. ೧೮೯೦ರಿಂದ ೧೮೯೩ರವರೆಗೆ ಪ್ರಭುಗಳ ಸಭೆಯ ವಿಶೇಷ ಸಮಿತಿಯೊಂದು ಲಂಡನ್ನಿನ ಆಸ್ಪತ್ರೆಗಳ ಸ್ಥಿತಿಯನ್ನು ವಿಚಾರಿಸಿತು. ೧೮೯೫ರಲ್ಲಿ ರಾಯಲ್ ಫ್ರೀ ಆಸ್ಪತ್ರೆಯು ಮೇರಿ ಸ್ಟೂವರ್ಟ್ ಎಂಬ ಮಹಿಳೆಯನ್ನು ನೇಮಿಸಿ, ಬಂದವರಲ್ಲಿ ನಿಜವಾದ ಬಡವರು ಯಾರೆಂಬುದನ್ನು ವಿಚಾರಿಸುವ ಕೆಲಸವನ್ನು ಅವಳಿಗೆ ಒಪ್ಪಿಸಿತು. ಪತ್ರವೇ ಬೇಡವೆಂದು ಹುಟ್ಟಿದ ಸಂಸ್ಥೆಯು ಎಪ್ಪತ್ತು ವರ್ಷ ಕಳೆಯುವುದರೊಳಗೆ ತಾನೇ ಬಾಗಿಲಿನಲ್ಲಿ ಒಬ್ಬರನ್ನು ನಿಲ್ಲಿಸಬೇಕಾಯಿತೆಂಬುದು ಗಮನಿಸತಕ್ಕ ವಿಷಯ. ಬಾಗಿಲು ಕಾಯುವುದು ಕೇವಲ ದುರಾಗ್ರಹದಿಂದ ಹುಟ್ಟಿದುದಲ್ಲ; ಜನರು ಬಹಳವಾಗಿ, ತಜ್ಞರು ಸ್ವಲ್ಪವಾಗಿ ಇರುವ ಕಡೆ ಅದು ಅನಿವಾರ್ಯ.

ಈ ಕಲಹಕ್ಕೆ ಕ್ರಮೇಣ ಒಂದು ಸಂಧಿ ಏರ್ಪಟ್ಟಿತು. ಸಾಮಾನ್ಯ ವೈದ್ಯನು ಕಳುಹಿಸಿದ ರೋಗಿಯನ್ನು ಮಾತ್ರ ತಜ್ಞನು ನೋಡತಕ್ಕದ್ದು; ನೋಡಿದಮೇಲೆ ಅವನನ್ನು ಆ ವೈದ್ಯನಿಗೇ ಹಿಂದಕ್ಕೆ ಒಪ್ಪಿಸತಕ್ಕದ್ದು. ಆಸ್ಪತ್ರೆಯು ತಜ್ಞನಿಗೆ ಉಳಿಯಿತು, ರೋಗಿಯು ಸಾಮಾನ್ಯ ವೈದ್ಯನಿಗೆ ಉಳಿದನು. ಇದು ಪಾರ್ಲಿಮೆಂಟು ಮಾಡಿದ ಶಾಸನವಲ್ಲ. ವೃತ್ತಿಯವರು ತಮ್ಮೊಳಗೆ ಮಾಡಿಕೊಂಡ ಒಡಂಬಡಿಕೆ. ಹೀಗೆ ದಾನಿಯ ಕೈಯಲ್ಲಿದ್ದ ಪತ್ರವು ವೈದ್ಯನ ಕೈಗೆ ಬಂದಿತು. ಅದನ್ನು ಅವನ ಕೈಗೆ ತಂದುದು ಬಹುಮಟ್ಟಿಗೆ ಜೀವನೋಪಾಯದ ಚಿಂತೆಯೇ ಹೊರತು ರೋಗಿಯ ಹಿತಚಿಂತನೆಯಲ್ಲವೆಂದು ಒಪ್ಪಿಕೊಳ್ಳಬೇಕು. ಆದರೂ ಅದರಿಂದ ರೋಗಿಗೆ ಒಂದು ದೊಡ್ಡ ಲಾಭವಾಯಿತು: ರೋಗವನ್ನು ಅರಿತವನೇ ಪತ್ರವನ್ನು ಬರೆಯುವವನಾದನು.

ಈ ಸಂಧಿ ಎಲ್ಲೆಡೆಯೂ ನೆಲೆಗೊಳ್ಳಲಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ರೋಗಿಯು ನೇರವಾಗಿ ತಜ್ಞನಲ್ಲಿಗೆ ಹೋಗುವ ರೂಢಿಯೇ ಬೆಳೆಯಿತು. ಕಳುಹಿಸಿದ ವೈದ್ಯನಿಗೆ ಶಸ್ತ್ರವೈದ್ಯನು ತನ್ನ ಸಂಭಾವನೆಯಲ್ಲಿ ಗುಟ್ಟಾಗಿ ಪಾಲು ಕೊಡುವ ದುರಾಚಾರವೂ ಅಲ್ಲಿ ಹಬ್ಬಿತು. ೧೯೧೩ರಲ್ಲಿ ಸ್ಥಾಪಿತವಾದ ಅಮೆರಿಕದ ಶಸ್ತ್ರವೈದ್ಯರ ಕಾಲೇಜು ತನ್ನ ಸದಸ್ಯರು ಇಂತಹ ಪಾಲನ್ನು ಕೊಡುವುದಿಲ್ಲವೆಂದು ಪ್ರತಿಜ್ಞೆ ಮಾಡಬೇಕೆಂದು ವಿಧಿಸಿತು. ಪತ್ರವು ಮಾರಾಟದ ವಸ್ತುವಾದರೆ ಅದಕ್ಕೆ ಬೆಲೆ ಬರುವುದು, ಮರ್ಯಾದೆ ಹೋಗುವುದು.

೪

೧೯೧೧ರಲ್ಲಿ ಲಾಯ್ಡ್ ಜಾರ್ಜನು ರಾಷ್ಟ್ರೀಯ ವಿಮಾ ಕಾಯಿದೆಯನ್ನು ಪಾರ್ಲಿಮೆಂಟಿನಲ್ಲಿ ಅಂಗೀಕಾರ ಮಾಡಿಸಿದನು. ವಾರಕ್ಕೆ ಕೆಲಸಗಾರನು ನಾಲ್ಕು ಪೆನ್ನಿ, ಧಣಿಯು ಮೂರು ಪೆನ್ನಿ, ಸರ್ಕಾರವು ಎರಡು ಪೆನ್ನಿ ಸೇರಿಸಿ ಒಂದು ನಿಧಿಯನ್ನು ಮಾಡತಕ್ಕದ್ದೆಂದು ಅದರ ಏರ್ಪಾಡು. ಕೂಲಿಗಾರರೂ, ವರ್ಷಕ್ಕೆ ೧೬೦ ಪೌಂಡಿಗಿಂತ ಕಡಮೆ ವರಮಾನವಿದ್ದ ಇತರ ನೌಕರರೂ ಇದರ ವ್ಯಾಪ್ತಿಗೆ ಒಳಪಟ್ಟರು. ೧೯೧೩ರ ಜನವರಿಯಿಂದ ಇವರಿಗೆ ಸಾಮಾನ್ಯ ವೈದ್ಯನ ಚಿಕಿತ್ಸೆ ದೊರೆಯತೊಡಗಿತು. ವೈದ್ಯರ ಹೆಸರುಗಳ ಪಟ್ಟಿಗೆ ಪ್ಯಾನೆಲ್ ಎಂದು ಹೆಸರಾಯಿತು. ಪಟ್ಟಿಯಲ್ಲಿ ತನಗೆ ಬೇಕಾದವನನ್ನು ಆರಿಸಿಕೊಳ್ಳುವ, ಬೇಡವಾದರೆ ಬಿಡುವ ಹಕ್ಕು ರೋಗಿಗಿದ್ದಿತು. ವೈದ್ಯನಿಗೆ ತಲೆಗಿಷ್ಟೆಂದು ಹಣ. ಆಸ್ಪತ್ರೆಯ ತಜ್ಞನ ಚಿಕಿತ್ಸೆಯೂ ಹೆಂಡತಿಮಕ್ಕಳ ಚಿಕಿತ್ಸೆಯೂ ಇದರಲ್ಲಿ ಸೇರಿರಲಿಲ್ಲ.

ನಮ್ಮ ವಿಷಯಕ್ಕೆ ಮುಖ್ಯವಾದುದು ಇಲ್ಲಿ ಹುಟ್ಟಿದ ಮತ್ತೊಂದು ಕಾಗದ. ಕಾಯಿಲೆ ಬಿದ್ದ ಕೆಲಸಗಾರನಿಗೆ ವಾರವಾರವೂ ಭತ್ಯ ದೊರೆಯಬೇಕಾದರೆ ವೈದ್ಯನ ಪ್ರಮಾಣಪತ್ರ ಬೇಕಾಗಿದ್ದಿತು. ಸ್ವಲ್ಪ ಕಾಲದಲ್ಲಿಯೇ ಭತ್ಯವನ್ನು ಕೊಡುವ ಸಂಘಗಳು, ವೈದ್ಯರು ಪ್ರಮಾಣಪತ್ರಗಳನ್ನು ಕೇಳಿದವರಿಗೆಲ್ಲ ಬರೆದುಕೊಡುತ್ತಿದ್ದಾರೆಂದು ಆಕ್ಷೇಪಿಸಿದುವು. ಸರ್ ಕ್ಲಾಡ್ ಶುಸ್ಟರನ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಈ ವಿಷಯವನ್ನು ವಿಚಾರಿಸಿ ೧೯೧೪ರಲ್ಲಿ ವರದಿ ಕೊಟ್ಟಿತು. ವೈದ್ಯನ ಸ್ಥಿತಿಯನ್ನು ನೋಡಿದರೆ ಈ ಆಕ್ಷೇಪಣೆಯ ಮೂಲವು ಸ್ಪಷ್ಟವಾಗುತ್ತದೆ. ಪ್ರಮಾಣಪತ್ರವನ್ನು ಬರೆದುಕೊಟ್ಟರೆ ಅವನಿಗೆ ಕಾಸಿನ ಲಾಭವಿಲ್ಲ. ಆದರೆ ಇಲ್ಲವೆಂದರೆ ನಷ್ಟವುಂಟು. ಮುನಿದ ರೋಗಿಯು ತನ್ನ ಹೆಸರನ್ನು ಪಕ್ಕದ ಬೀದಿಯ ವೈದ್ಯನ ಪಟ್ಟಿಗೆ ಬರೆಯಿಸಿಕೊಳ್ಳುತ್ತಾನೆ. ಅವನೊಡನೆ ಅವನ ಗೆಳೆಯರೂ ಹೋಗುತ್ತಾರೆ. ಲಂಚವನ್ನು ಎದುರಿಸಿ ನಿಲ್ಲಬಲ್ಲ ಸತ್ಪುರುಷನು ಕೂಡ ಈ ಮೆತ್ತನೆಯ ಒತ್ತಡಕ್ಕೆ ಮಣಿಯುವುದು ಅಸಂಭವವಲ್ಲ. ಮುಂದೆ ವಿಮೆಯ ಪತ್ರವನ್ನು ಕುರಿತು ನಡೆದ ಎಲ್ಲ ಚರ್ಚೆಯ ಬೀಜವೂ ಇಲ್ಲಿದೆ.

೫

೧೯೪೮ನೆಯ ಇಸವಿ ಜುಲೈ ೫ನೆಯ ದಿನ ರಾಷ್ಟ್ರೀಯ ಆರೋಗ್ಯ ಸೇವೆಯು ಪ್ರಾರಂಭವಾಯಿತು. ಆರೋಗ್ಯಮಂತ್ರಿಯಾಗಿದ್ದ ಅನ್ಯೂರಿನ್ ಬೆವಾನನು ಎರಡೂವರೆ ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳನ್ನು ಸರ್ಕಾರದ ವಶಕ್ಕೆ ತಂದನು. ರೋಗಿಯು ಹಣ ಕೊಡಬೇಕಾಗಿಲ್ಲ. ಖರ್ಚೆಲ್ಲ ಮುಖ್ಯವಾಗಿ ತೆರಿಗೆಯಿಂದ. ಬೆಲೆಯೆಂಬ ತಡೆಯನ್ನು ತೆಗೆದುಹಾಕಿದಮೇಲೆ ಬೇರೊಂದು ತಡೆ ಬೇಕಾಯಿತು. ಹಿಂದಿನ ಸಂಧಿಯಿಂದ ಬಂದಿದ್ದ ಶಿಫಾರಸು ಪತ್ರವು ಸಿದ್ಧವಾಗಿಯೇ ಇದ್ದಿತು. ವೈದ್ಯರ ಪರಸ್ಪರ ಒಡಂಬಡಿಕೆಯಾಗಿದ್ದುದು ಹೀಗೆ ರಾಜ್ಯವ್ಯವಸ್ಥೆಯ ಒಂದು ಕಂಬವಾಯಿತು. ಕುಟುಂಬವೈದ್ಯನು ಎರಡು ಪಾತ್ರಗಳನ್ನು ಒಟ್ಟಿಗೆ ವಹಿಸಬೇಕಾಯಿತು: ತನ್ನ ಎದುರಿಗೆ ಕುಳಿತವನ ಹಿತಕ್ಕೆ ಅವನು ವಕೀಲ, ಸರದಿಯಲ್ಲಿ ನಿಂತಿರುವ, ತಾನು ನೋಡದ ಸಾವಿರಾರು ಜನರ ಹಿತಕ್ಕೆ ಧರ್ಮದರ್ಶಿ.

ಬೆವಾನನು ತಜ್ಞರನ್ನು ಒಲಿಸಿಕೊಳ್ಳುವುದಕ್ಕಾಗಿ ಎರಡು ರಿಯಾಯಿತಿಗಳನ್ನು ಕೊಡಬೇಕಾಯಿತು. ಅವರು ಸರ್ಕಾರದ ಕೆಲಸದ ಜೊತೆಗೆ ಖಾಸಗಿ ವೃತ್ತಿಯನ್ನೂ ನಡೆಸಬಹುದು. ಸರ್ಕಾರದ ಆಸ್ಪತ್ರೆಗಳಲ್ಲಿಯೇ ಹಣ ಕೊಡುವ ರೋಗಿಗಳಿಗಾಗಿ ಕೆಲವು ಹಾಸಿಗೆಗಳು ಇರಬಹುದು. ಈ ಸಂದಿನಲ್ಲಿ ಖಾಸಗಿ ವಿಮೆಯು ಬೇರೂರಿತು. ೧೯೪೭ರಲ್ಲಿಯೇ ಹದಿನೇಳು ಪರಸ್ಪರ ಸಹಾಯ ಸಂಘಗಳು ಸೇರಿ ಬೂಪಾ ಎಂಬ ಸಂಸ್ಥೆಯನ್ನು ಕಟ್ಟಿಕೊಂಡಿದ್ದುವು. ಸರ್ಕಾರದ ಸೇವೆ ಬಂದಮೇಲೆ ಇಂತಹ ಸಂಸ್ಥೆಗಳು ಅಳಿದುಹೋಗುವುವೆಂದು ಎಣಿಸಿದವರ ಎಣಿಕೆ ತಪ್ಪಾಯಿತು. ಅವು ಉಳಿದುವು, ಬೆಳೆದುವು. ಅವುಗಳ ಬೆಳವಣಿಗೆಗೆ ಗೊಬ್ಬರವಾದುದು ಸರದಿಯ ಉದ್ದ. ಪ್ರಾರಂಭದಲ್ಲಿ ಸುಮಾರು ಐದು ಲಕ್ಷವಿದ್ದ ಕಾಯುವವರ ಸಂಖ್ಯೆ ೧೯೯೦ರ ದಶಕದಲ್ಲಿ ಹತ್ತು ಲಕ್ಷವನ್ನು ಮೀರಿತು. ೨೦೨೩ರಲ್ಲಿ ಇಂಗ್ಲೆಂಡಿನ ಸರದಿಯಲ್ಲಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರಕರಣಗಳಿದ್ದುವು.

ಹಣದ ಹಾಸಿಗೆಗಳ ವಿಷಯದಲ್ಲಿ ರಾಜಕೀಯ ಪಕ್ಷಗಳು ಹೋರಾಡಿದುವು. ಅವುಗಳನ್ನು ಕ್ರಮೇಣ ತೆಗೆದುಹಾಕುವುದಕ್ಕಾಗಿ ೧೯೭೬ರಲ್ಲಿ ಒಂದು ಕಾಯಿದೆಯಾಯಿತು. ಆ ಕಾರ್ಯಕ್ಕಾಗಿ ನೇಮಕವಾಗಿದ್ದ ಮಂಡಲಿಯನ್ನು ೧೯೮೦ರ ಕಾಯಿದೆ ರದ್ದುಮಾಡಿತು. ಅರವತ್ತು ವರ್ಷ ದಾಟಿದವರು ವಿಮೆಗೆ ಕೊಡುವ ಹಣಕ್ಕೆ ೧೯೯೦ರಿಂದ ತೆರಿಗೆಯ ರಿಯಾಯಿತಿ ದೊರೆತು, ೧೯೯೭ರಲ್ಲಿ ಅದು ನಿಂತಿತು. ೧೯೯೦ರ ಸುಮಾರಿಗೆ ಬ್ರಿಟನ್ನಿನ ಜನಸಂಖ್ಯೆಯಲ್ಲಿ ಸುಮಾರು ಹತ್ತರಲ್ಲೊಂದು ಪಾಲಿಗೆ ಖಾಸಗಿ ವಿಮೆಯಿದ್ದಿತು. ಅವರಲ್ಲಿ ಬಹುಮಂದಿಗೆ ಅದನ್ನು ಮಾಡಿಸಿಕೊಟ್ಟವರು ಅವರ ಧಣಿಗಳು.

ಇದೇ ಕಾಲದಲ್ಲಿ ಸರ್ಕಾರವು ಪತ್ರವನ್ನೇ ಒಂದು ಪ್ರಯೋಗಕ್ಕೆ ಗುರಿಮಾಡಿತು. ೧೯೯೧ರಿಂದ ಇಚ್ಛೆಪಟ್ಟ ಕುಟುಂಬವೈದ್ಯರ ಕೈಗೆ ಒಂದು ನಿಧಿಯನ್ನು ಕೊಟ್ಟು, ತಮ್ಮ ರೋಗಿಗಳಿಗೆ ಬೇಕಾದ ಆಸ್ಪತ್ರೆಯ ಚಿಕಿತ್ಸೆಗಳಲ್ಲಿ ಕೆಲವನ್ನು ಆ ನಿಧಿಯಿಂದ ಕೊಳ್ಳುವಂತೆ ಏರ್ಪಡಿಸಲಾಯಿತು. ಪತ್ರವೊಂದನ್ನು ಬರೆದರೆ ನಿಧಿಯಲ್ಲಿ ಅಷ್ಟು ಹಣ ಕಡಮೆಯಾಗುತ್ತಿದ್ದಿತು. ನಿಧಿಯುಳ್ಳ ವೈದ್ಯನ ರೋಗಿಗೊಂದು ನ್ಯಾಯ, ಇಲ್ಲದವನ ರೋಗಿಗೊಂದು ನ್ಯಾಯವಾಯಿತೆಂಬ ಟೀಕೆ ಬಲವಾಗಿ, ೧೯೯೯ರಲ್ಲಿ ಆ ಪದ್ಧತಿಯನ್ನು ನಿಲ್ಲಿಸಲಾಯಿತು. ನಿಧಿಯುಳ್ಳ ವೈದ್ಯನಿಗೆ, ವಿಮೆಯುಳ್ಳ ರೋಗಿಯು ಖಾಸಗಿಯಾಗಿ ಹೋದರೆ ತನ್ನ ಹಣ ಉಳಿಯುವುದೆಂಬ ಯೋಚನೆಗೂ ಆಸ್ಪದವಿದ್ದಿತು. ಬರೆದರೆ ಲಾಭವಾಗುವ ಪತ್ರದಂತೆಯೇ, ಬರೆದರೆ ನಷ್ಟವಾಗುವ ಪತ್ರವೂ ಸಂದೇಹಕ್ಕೆ ಗುರಿಯಾಗುತ್ತದೆ.

೬

ಇಷ್ಟು ಹೇಳಿದಮೇಲೆ ಪ್ರಕೃತ ಪ್ರಶ್ನೆಯ ಸ್ವರೂಪವು ಸ್ಪಷ್ಟವಾಗಿರಬಹುದು. ಖಾಸಗಿ ವಿಮಾಸಂಸ್ಥೆಯು ರೋಗಿಯ ಖರ್ಚನ್ನು ಕೊಡುವುದಕ್ಕೆ ಮೊದಲು ಕುಟುಂಬವೈದ್ಯನ ಪತ್ರವನ್ನು ಕೇಳುವುದು ಬಹುಕಾಲದಿಂದ ನಡೆದುಬಂದ ರೂಢಿ. ಅಂದರೆ ಸರ್ಕಾರದ ಖರ್ಚಿನಲ್ಲಿ ಕಾಯಲ್ಪಡುತ್ತಿರುವ ಬಾಗಿಲನ್ನು ವಿಮಾಸಂಸ್ಥೆಯು ತನ್ನ ಬಾಗಿಲನ್ನಾಗಿಯೂ ಉಪಯೋಗಿಸಿಕೊಳ್ಳುತ್ತದೆ. ತನ್ನ ಪಟ್ಟಿಯಲ್ಲಿರುವ ರೋಗಿಗೆ ಪತ್ರವನ್ನು ಬರೆದುಕೊಟ್ಟುದಕ್ಕೆ ವೈದ್ಯನು ಹಣ ಪಡೆಯುವಂತಿಲ್ಲ. ವಿಮೆಯ ನಮೂನೆಗಳನ್ನು ಭರ್ತಿ ಮಾಡಿಕೊಡುವುದಕ್ಕೆ ಮಾತ್ರ ಪಡೆಯಬಹುದು. ಈ ನಿಯಮವು ಮೇಲ್ನೋಟಕ್ಕೆ ಜಿಪುಣತನದಂತೆ ಕಂಡರೂ, ಪತ್ರಕ್ಕೆ ಬೆಲೆಯಿಲ್ಲದಿರುವುದೇ ಅದರ ಬೆಲೆ.

ಆದರೆ ೧೯೧೪ರ ಸಮಿತಿಯ ಕಾಲದ ಮೆತ್ತನೆಯ ಒತ್ತಡವು ಹೋಗಿಲ್ಲ. ವಿಮೆಯುಳ್ಳವನ ವಾದವನ್ನು ತಿರಸ್ಕಾರದಿಂದ ನೋಡುವುದು ಸರಿಯಲ್ಲ. ತಾನು ತೆರಿಗೆಯನ್ನೂ ಕೊಟ್ಟಿದ್ದೇನೆ, ವಿಮೆಯ ಕಂತನ್ನೂ ಕೊಟ್ಟಿದ್ದೇನೆ. ತಾನು ಸರದಿಯನ್ನು ಬಿಟ್ಟುಹೋದರೆ ಹಿಂದಿನವನು ಒಂದು ಹೆಜ್ಜೆ ಮುಂದೆ ಬರುತ್ತಾನೆ. ಇದರಿಂದ ಯಾರಿಗೆ ಕೇಡು ಎಂದು ಅವನು ಕೇಳುತ್ತಾನೆ. ಈ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ಖಾಸಗಿಯಾಗಿ ನೋಡುವ ತಜ್ಞನೂ ಸರ್ಕಾರದ ಆಸ್ಪತ್ರೆಯಲ್ಲಿ ನೋಡುವ ತಜ್ಞನೂ ಬಹುಶಃ ಒಬ್ಬನೇ. ಅವನ ದಿನಕ್ಕೆ ಇರುವ ಗಂಟೆಗಳು ಅಷ್ಟೇ. ಅಲ್ಲದೆ ಖಾಸಗಿಯಾಗಿ ಮೊದಲ ಪರೀಕ್ಷೆಯನ್ನು ಮುಗಿಸಿಕೊಂಡು ಸರ್ಕಾರದ ಸರದಿಯ ನಡುವೆ ಬಂದು ಸೇರುವ ಉಪಾಯವೂ ಉಂಟು. ಇದನ್ನು ಕಂಡೇ ಖಾಸಗಿ ವೃತ್ತಿಯನ್ನು ಕುರಿತ ೨೦೦೪ರ ನಡವಳಿಕೆಯ ನಿಯಮಾವಳಿಯು, ಹಾಗೆ ಬಂದವನಿಗೆ ಇತರರಿಗಿಂತ ಮುಂದಿನ ಸ್ಥಾನವನ್ನು ಕೊಡಕೂಡದೆಂದು ವಿಧಿಸಿತು. ದಕ್ಷಿಣ ವೇಲ್ಸಿನ ಗಣಿ ಹಳ್ಳಿಯೊಂದರಲ್ಲಿ ಕುಟುಂಬವೈದ್ಯನಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟನು ೧೯೭೧ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಚಿಕಿತ್ಸೆಯು ಎಲ್ಲಿ ಹೆಚ್ಚಾಗಿ ಬೇಕೋ ಅಲ್ಲಿ ಕಡಮೆಯಾಗಿ ದೊರೆಯುವ ವಿಪರೀತ ನಿಯಮವನ್ನು ವಿವರಿಸಿ, ಮಾರುಕಟ್ಟೆಯ ಬಲವು ಹೆಚ್ಚಿದಷ್ಟೂ ಈ ವೈಪರೀತ್ಯವು ಹೆಚ್ಚುವುದೆಂದು ತೋರಿಸಿದನು. ವಿಮೆಯ ಪತ್ರವನ್ನು ಬರೆಯುವ ವೈದ್ಯನು ಈ ನಿಯಮದ ಸಾಕ್ಷಿಯೂ ಹೌದು, ಕೆಲವೊಮ್ಮೆ ಅದರ ಕರಣವೂ ಹೌದು.

ಈ ಸಂಕಟವು ಇಂಗ್ಲೆಂಡಿಗೆ ಮಾತ್ರ ಸೀಮಿತವೇ ಎಂದು ಪರೀಕ್ಷಿಸುವುದಕ್ಕೆ ಡೆನ್ಮಾರ್ಕ್ ದೇಶವು ಒಳ್ಳೆಯ ನಿದರ್ಶನ. ೧೮೯೨ರ ಶಾಸನದಿಂದ ಮನ್ನಣೆ ಪಡೆದ ಕಾಯಿಲೆ ನಿಧಿಗಳ ಮೂಲಕ ಬೆಳೆದ ಆ ದೇಶದ ವ್ಯವಸ್ಥೆಯನ್ನು ೧೯೭೩ರಲ್ಲಿ ಸರ್ಕಾರದ ಆಡಳಿತವು ತಾನೇ ವಹಿಸಿಕೊಂಡಿತು. ಅಲ್ಲಿ ಪ್ರಜೆಗೆ ಎರಡು ದಾರಿಗಳುಂಟು: ಕುಟುಂಬವೈದ್ಯನ ಪತ್ರಕ್ಕೆ ಒಪ್ಪಿ ಉಚಿತವಾಗಿ ಚಿಕಿತ್ಸೆ ಪಡೆಯುವುದು ಒಂದು, ಪತ್ರವಿಲ್ಲದೆ ತಜ್ಞನಲ್ಲಿಗೆ ಹೋಗಿ ಖರ್ಚಿನ ಒಂದು ಭಾಗವನ್ನು ಕೈಯಿಂದ ಕೊಡುವುದು ಇನ್ನೊಂದು. ಎರಡನೆಯದನ್ನು ಆರಿಸಿಕೊಂಡವರು ನೂರಕ್ಕೆ ಒಬ್ಬಿಬ್ಬರು ಮಾತ್ರ. ಬಾಗಿಲು ಕಾಯುವವನನ್ನು ಜನರು ಸಂಕೋಲೆಯೆಂದು ಭಾವಿಸಲಿಲ್ಲವೆಂಬುದಕ್ಕೆ ಇದು ಸಾಕ್ಷಿ. ಆದರೆ ೨೦೦೨ರಲ್ಲಿ ಧಣಿಗಳು ತಮ್ಮ ನೌಕರರೆಲ್ಲರಿಗೂ ಮಾಡಿಸಿಕೊಡುವ ವಿಮೆಗೆ ತೆರಿಗೆಯ ವಿನಾಯಿತಿ ದೊರೆತಮೇಲೆ, ಸುಮಾರು ಐವತ್ತೈದು ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ ಹತ್ತು ವರ್ಷಗಳೊಳಗೆ ವಿಮೆಯುಳ್ಳವರ ಸಂಖ್ಯೆ ಹತ್ತು ಲಕ್ಷದ ಸಮೀಪಕ್ಕೆ ಏರಿತು. ೨೦೧೨ರಿಂದ ಆ ವಿನಾಯಿತಿ ರದ್ದಾಯಿತು, ವಿಮೆಯು ಉಳಿದುಕೊಂಡಿತು. ವಿಮೆಯ ಕಾರ್ಡನ್ನು ಹಿಡಿದು ಬಂದು ಪತ್ರವನ್ನು ಕೇ�ಳುವವರು ದುಡಿಯುವ ವಯಸ್ಸಿನ ನೌಕರರು. ವೃದ್ಧರೂ ನಿರುದ್ಯೋಗಿಗಳೂ ಬಹುಕಾಲದ ರೋಗಿಗಳೂ ಹೆಚ್ಚಾಗಿ ಆ ಗುಂಪಿನ ಹೊರಗೆ. ಇಂಗ್ಲೆಂಡಿನ ಸಂಕಟವೇ ಅಲ್ಲಿಯೂ ಕಾಣಿಸಿಕೊಂಡಿತು.

ಇತ್ತೀಚೆಗೆ ಇಂಗ್ಲೆಂಡಿನಲ್ಲಿ ಇನ್ನೂ ಎರಡು ಮಾರ್ಪಾಡುಗಳಾಗಿವೆ. ಪತ್ರದಲ್ಲಿ ತಜ್ಞನ ಹೆಸರನ್ನು ಬರೆಯದೆ ರೋಗದ ವಿಭಾಗವನ್ನು ಮಾತ್ರ ಬರೆಯಬೇಕೆಂದು ಕೆಲವು ವಿಮಾಸಂಸ್ಥೆಗಳು ಕೇಳುತ್ತವೆ. ತಜ್ಞನನ್ನು ಆರಿಸುವವರು ಆಗ ಅವರೇ. ಮತ್ತೆ ಕೆಲವು ರೋಗಗಳಿಗೆ ಪತ್ರವೇ ಬೇಡ, ದೂರವಾಣಿಯಲ್ಲಿ ತಮ್ಮವರೊಡನೆ ಮಾತನಾಡಿದರೆ ಸಾಕೆನ್ನುತ್ತವೆ. ಪತ್ರವು ಹೀಗೆ ಸ್ವಲ್ಪಸ್ವಲ್ಪವಾಗಿ ವೈದ್ಯನ ಕೈಯಿಂದ ಜಾರುತ್ತಿದೆ. ಜಾರಿ ಸೇರುತ್ತಿರುವುದು ಎಲ್ಲಿಗೆ? ಹಣ ಕೊಡುವವನ ಕೈಗೆ. ಮಾರ್ಸ್‌ಡೆನ್ನನು ಕಂಡ ದಾನಿಯ ಪತ್ರವು ಬೇರೊಂದು ವೇಷದಲ್ಲಿ ಹಿಂದಿರುಗುತ್ತಿದೆಯೆಂದು ಚರಿತ್ರೆಯನ್ನು ಬಲ್ಲವನಿಗೆ ತೋರದೆ ಇರದು.

೭

ಈ ಚರಿತ್ರೆಯ ಒಂದು ಕವಲು ನಮ್ಮ ದೇಶಕ್ಕೂ ಬಂದಿದೆ. ಕಾರ್ಖಾನೆಯ ಕೆಲಸಗಾರರ ಆರೋಗ್ಯವಿಮೆಯನ್ನು ಕುರಿತು ಪ್ರೊಫೆಸರ್ ಬಿ. ಪಿ. ಅದಾರ್ಕರ್ ಅವರು ೧೯೪೪ರಲ್ಲಿ ಭಾರತ ಸರ್ಕಾರಕ್ಕೆ ವರದಿಯನ್ನೊಪ್ಪಿಸಿದರು. ಅದರ ಆಧಾರದ ಮೇಲೆ ೧೯೪೮ರ ನೌಕರರ ರಾಜ್ಯ ವಿಮಾ ಕಾಯಿದೆಯಾಗಿ, ೧೯೫೨ರ ಫೆಬ್ರವರಿ ೨೪ರಂದು ಕಾನ್ಪುರದಲ್ಲಿಯೂ ದೆಹಲಿಯಲ್ಲಿಯೂ ಯೋಜನೆ ಪ್ರಾರಂಭವಾಯಿತು. ಕೆಲವು ಪ್ರಾಂತಗಳಲ್ಲಿ ಇಂಗ್ಲೆಂಡಿನ ಪ್ಯಾನೆಲ್ ಪದ್ಧತಿಯನ್ನೇ ಅನುಸರಿಸಲಾಯಿತು. ಕರ್ನಾಟಕದಲ್ಲಿ ೨೦೧೮ರ ಮಾರ್ಚಿಯಲ್ಲಿ ಜಾರಿಗೆ ಬಂದು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ, ತುರ್ತು ಪ್ರಕರಣಗಳನ್ನು ಬಿಟ್ಟು, ಖಾಸಗಿ ಆಸ್ಪತ್ರೆಯ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ವೈದ್ಯರ ಶಿಫಾರಸು ಬೇಕೆಂಬ ನಿಯಮವಿಟ್ಟರು. ಶಿಫಾರಸು ಪತ್ರವು ಹೀಗೆ ನಮ್ಮ ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲೂ ಬಂದು ಕುಳಿತಿತು. ರೋಗಿಯನ್ನು ಕಳುಹಿಸಿದುದಕ್ಕಾಗಿ ವೈದ್ಯನು ಪಾಲು ಪಡೆಯಕೂಡದೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ ೨೦೦೨ರ ನಿಯಮಾವಳಿಯು ಸ್ಪಷ್ಟವಾಗಿ ನಿಷೇಧಿಸಿತು. ೧೯೧೩ರಲ್ಲಿ ಅಮೆರಿಕದವರು ಕಂಡ ಅಪಾಯವನ್ನು ನಾವೂ ಕಂಡಿದ್ದೇವೆಂದು ಇದರಿಂದ ತಿಳಿಯುತ್ತದೆ.

ಮುನ್ನೂರು ವರ್ಷಗಳಲ್ಲಿ ಶಿಫಾರಸು ಪತ್ರವು ದಾನಿಯಿಂದ ವೈದ್ಯನಿಗೆ, ವೈದ್ಯನ ಸಂಧಿಯಿಂದ ರಾಜ್ಯಕ್ಕೆ, ಅಲ್ಲಿಂದ ವಿಮಾಸಂಸ್ಥೆಯ ಬಳಕೆಗೆ ಬಂದಿದೆ. ಪ್ರತಿಯೊಂದು ಹಂತದಲ್ಲಿಯೂ ಅದರ ಮೇಲೆ ನಂಬಿಕೆ ಉಳಿದುದು, ಬರೆಯುವವನಿಗೆ ರೋಗದ ಜ್ಞಾನವಿದ್ದು ಹಣದ ಆಸೆಯಿಲ್ಲದಿದ್ದಾಗ ಮಾತ್ರ. ದಾನಿಗೆ ಜ್ಞಾನವಿರಲಿಲ್ಲ, ಪಾಲು ಪಡೆಯುವ ವೈದ್ಯನಿಗೆ ನಿಸ್ಪೃಹತೆಯಿರಲಿಲ್ಲ, ವಿಮಾಸಂಸ್ಥೆಗೆ ಎರಡನೆಯದು ಇರುವುದು ಅದರ ಸ್ವಭಾವಕ್ಕೇ ವಿರುದ್ಧ. ಎರಡನ್ನೂ ಒಟ್ಟಿಗೆ ಹೊಂದಿರಬಲ್ಲವನು ಕುಟುಂಬವೈದ್ಯನೊಬ್ಬನೇ.

ಹಾಗಾದರೆ ವಿಮೆಯುಳ್ಳ ರೋಗಿಯು ಪತ್ರವನ್ನು ಕೇಳಿದಾಗ ಅವನು ಮಾಡಬೇಕಾದುದೇನು? ಈ ಚರಿತ್ರೆಯಿಂದ ಒಂದು ಒರೆಗಲ್ಲು ದೊರೆಯುವುದೆಂದು ನನಗೆ ತೋರುತ್ತದೆ. ಇದೇ ನೋವಿನಿಂದ ವಿಮೆಯಿಲ್ಲದವನೊಬ್ಬನು ಬಂದಿದ್ದರೆ ತಾನು ಪತ್ರ ಬರೆಯುತ್ತಿದ್ದೆನೇ ಎಂದು ವೈದ್ಯನು ತನ್ನನ್ನೇ ಕೇಳಿಕೊಳ್ಳಬೇಕು. ಬರೆಯುತ್ತಿದ್ದರೆ, ವಿಮೆಯುಳ್ಳವನಿಗೂ ಸಂಕೋಚವಿಲ್ಲದೆ ಬರೆಯಲಿ. ಅವನು ಯಾವ ಬಾಗಿಲಿನಿಂದ ಹೋಗುವನೆಂಬುದು ಅವನ ಇಷ್ಟ. ಬರೆಯುತ್ತಿರಲಿಲ್ಲವಾದರೆ, ಏಕೆ ಬೇಡವೆಂಬುದನ್ನು ಕುಳಿತು ತಿಳಿಯಹೇಳಲಿ. ಎರಡು ವಾರದ ಮೇಲೆ ಮತ್ತೆ ಬರುವಂತೆ ಹೇಳಲಿ. ವಿಮೆಯಿಲ್ಲದವನಿಗೆ ಪತ್ರ ಬೇಕಾಗಿದ್ದೂ ಸರದಿಯ ಉದ್ದವನ್ನು ನೆನೆದು ತಾನು ಬರೆಯದೆ ಬಿಡುತ್ತಿದ್ದೇನೆಂದು ಒಬ್ಬ ವೈದ್ಯನಿಗೆ ಅರಿವಾದರೆ, ತಪ್ಪು ವಿಮೆಯುಳ್ಳವನದಲ್ಲ, ಆ ಸರದಿಯದು. ಅದನ್ನು ಸರಿಪಡಿಸಬೇಕಾದುದು ರಾಜ್ಯದ ಕರ್ತವ್ಯ. ಅಂದು ಹೋಬರ್ನಿನ ಮೆಟ್ಟಿಲುಗಳ ಬಳಿ ಬಿದ್ದಿದ್ದ ಹುಡುಗಿಗೆ ಬೇಕಾಗಿದ್ದುದು ಒಬ್ಬ ಶ್ರೀಮಂತನ ಕೃಪೆಯಲ್ಲ, ಅವಳ ರೋಗವನ್ನು ಓದಬಲ್ಲ ಕಣ್ಣು. ಆ ಕಣ್ಣು ಯಾರ ಹಣದ ಚೀಲದ ಮೇಲೂ ಬೀಳದಂತೆ ನೋಡಿಕೊಳ್ಳುವುದಕ್ಕಾಗಿಯೇ ಶಿಫಾರಸು ಪತ್ರವು ವೈದ್ಯನ ಕೈಯಲ್ಲಿ ಉಳಿಯಬೇಕು.